ದಾನವೋ, ಎರವಲೋ? ಜೈವಿಕ ಭಂಡಾರಗಳ ಪರಿಭಾಷೆಯನ್ನು ಕುರಿತ ಒಂದು ವಿಮರ್ಶೆ

ಒಂದು ಶಾಸ್ತ್ರದ ಗುಣದೋಷಗಳನ್ನು ಅದರ ಸಿದ್ಧಾಂತಗಳಿಂದ ಅಳೆಯುವುದು ವಾಡಿಕೆ. ಆದರೆ ಆ ಶಾಸ್ತ್ರವು ತನ್ನ ನಿತ್ಯವ್ಯವಹಾರದಲ್ಲಿ ಬಳಸುವ ಸಾಮಾನ್ಯ ಶಬ್ದಗಳನ್ನು ಹಿಡಿದು ನೋಡಿದರೂ ಅದರ ಸ್ವರೂಪ ಸಾಕಷ್ಟು ಗೋಚರವಾಗುತ್ತದೆ. ಆನುವಂಶಿಕ ಸಂಶೋಧನೆಯ ಈಚಿನ ಬರಹಗಳಲ್ಲಿ ಪದೇ ಪದೇ ಬರುವ ‘ದಾನಿ’ ಎಂಬ ಮಾತು ಅಂಥದೊಂದು. ರಕ್ತದ ನಾಲ್ಕು ಹನಿಯನ್ನು ಸಂಶೋಧಕನ ಕೈಗೆ ಕೊಟ್ಟವನು ದಾನಿ; ಕೊಟ್ಟದ್ದು ದಾನ; ಕೂಡಿಟ್ಟ ಸ್ಥಳ ಭಂಡಾರ. ಕೇಳುವುದಕ್ಕೆ ಇಂಪಾದ ಶಬ್ದಗಳು, ಪುಣ್ಯದ ಸೋಂಕೂ ಇರುವಂಥವು. ಇವು ನಡೆಯುತ್ತಿರುವ ವ್ಯವಹಾರವನ್ನು ಸರಿಯಾಗಿ ಹೆಸರಿಸುತ್ತವೆಯೆ ಎಂಬುದು ನಮ್ಮ ಪ್ರಶ್ನೆ.

ಪ್ರಶ್ನೆ ಹೊತ್ತಿಗೆ ತಕ್ಕುದೂ ಹೌದು. ೨೦೨೫ನೆಯ ಜನವರಿ ೯ರಂದು ‘ಜೀನೋಮ್ ಇಂಡಿಯಾ’ ಯೋಜನೆಯ ದತ್ತಾಂಶವನ್ನು ಸಂಶೋಧಕರ ಬಳಕೆಗೆ ತೆರೆಯಲಾಯಿತು. ೨೦೨೦ರಲ್ಲಿ ಆರಂಭವಾದ ಈ ಕಾರ್ಯದಲ್ಲಿ ಇಪ್ಪತ್ತು ಸಂಸ್ಥೆಗಳು ಕೂಡಿ ದುಡಿದಿವೆ. ಮುಂದಾಳತನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರದ್ದು. ಜೀನೋಮಿನ ಅಕ್ಷರಗಳನ್ನು ಓದುವ ಕೆಲಸದಲ್ಲಿ ನಮ್ಮ ಹಬ್ಸಿಗುಡದ ಕೋಶೀಯ ಹಾಗೂ ಆಣವಿಕ ಜೀವಶಾಸ್ತ್ರ ಕೇಂದ್ರವೂ, ಅಂದರೆ ಎಲ್ಲರೂ ಸಿ.ಸಿ.ಎಂ.ಬಿ. ಎನ್ನುವ ಸಂಸ್ಥೆಯೂ, ಪಾಲುಗೊಂಡಿತು. ಇಪ್ಪತ್ತು ಸಾವಿರ ರಕ್ತದ ಮಾದರಿಗಳು ಬೆಂಗಳೂರಿನ ಭಂಡಾರದಲ್ಲಿವೆ; ಅಕ್ಷರಮಾಲೆಗಳು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿವೆ. ಅದೇ ವರ್ಷದ ಏಪ್ರಿಲ್ ತಿಂಗಳಲ್ಲಿ ಪ್ರಕಟವಾದ ಮೊದಲ ವರದಿಯು ೮೫ ಜನಸಮುದಾಯಗಳಿಗೆ ಸೇರಿದ ೯,೭೭೨ ಮಂದಿಯ ಜೀನೋಮುಗಳಿಂದ ಸುಮಾರು ಹದಿನೆಂಟು ಕೋಟಿ ಭೇದಗಳನ್ನು ಎಣಿಸಿದೆ. ಆ ೮೫ರಲ್ಲಿ ೩೨ ಬುಡಕಟ್ಟುಗಳು. ಇಷ್ಟು ದೊಡ್ಡ ಸಂಗ್ರಹ ನಮ್ಮ ದೇಶದಲ್ಲಿ ಹಿಂದೆ ಆಗಿರಲಿಲ್ಲ. ಹೆಮ್ಮೆಪಡಬೇಕಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ.

ಇಂಥ ಸಂಗ್ರಹ ಏತಕ್ಕೆ ಎಂದು ಕೇಳುವ ವಾಚಕರಿಗೆ ಒಂದೇ ನಿದರ್ಶನ ಸಾಕು. ೨೦೦೩ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ರಕ್ತದ ಕೊಲೆಸ್ಟರಾಲು ವಿಪರೀತವಾಗಿ ಏರುವುದಕ್ಕೆ ‘ಪಿ.ಸಿ.ಎಸ್.ಕೆ.೯’ ಎಂಬ ಜೀನಿನ ವಿಕಾರವು ಕಾರಣವೆಂದು ತಿಳಿದುಬಂದಿತು. ಹಾಗಾದರೆ ಆ ಜೀನು ಕೆಟ್ಟು ಸುಮ್ಮನಿದ್ದರೆ ಏನಾದೀತು? ಅಮೆರಿಕದ ಡಲ್ಲಾಸ್ ನಗರದ ಸಂಶೋಧಕರು ಸ್ವಯಂಸೇವಕರ ರಕ್ತದಲ್ಲಿ ಇದನ್ನೇ ಹುಡುಕಿದರು. ಅಲ್ಲಿನ ಕರಿಯ ಜನರಲ್ಲಿ ನೂರಕ್ಕೆ ಎರಡೂವರೆಯಷ್ಟು ಮಂದಿಗೆ ಆ ಜೀನಿನ ಒಂದು ಪ್ರತಿ ನಿಷ್ಕ್ರಿಯವಾಗಿತ್ತು. ಅವರಿಗೆ ಕೊಲೆಸ್ಟರಾಲು ಕಡಮೆ, ಹೃದಯದ ಬೇನೆ ಬಹಳ ಕಡಮೆ ಎಂಬುದು ೨೦೦೬ರ ಹೊತ್ತಿಗೆ ಸ್ಥಿರವಾಯಿತು. ಪ್ರಕೃತಿಯೇ ನಡೆಸಿಟ್ಟಿದ್ದ ಪ್ರಯೋಗವನ್ನು ಮನುಷ್ಯ ಓದಿಕೊಂಡದ್ದು ಇಷ್ಟೆ. ಆ ಜೀನಿನ ಕೆಲಸವನ್ನು ತಡೆಯುವ ಔಷಧಗಳು ೨೦೧೫ರಲ್ಲಿ ಅಂಗಡಿಗೆ ಬಂದವು. ಹನ್ನೆರಡು ವರ್ಷಗಳಲ್ಲಿ ಒಂದು ಕುಟುಂಬದ ರಕ್ತದಿಂದ ಔಷಧದ ಸೀಸೆಯವರೆಗೆ. ಹೀಗೆ ಪ್ರಯೋಗಶಾಲೆಯ ಅರಿವನ್ನು ರೋಗಿಯ ಮಂಚದವರೆಗೆ ಒಯ್ಯುವ ವಿದ್ಯೆಗೆ ಪಡುವಣರು ‘ಟ್ರಾನ್ಸ್‌ಲೇಷನಲ್’ ಎಂಬ ವಿಶೇಷಣವನ್ನು ಕೊಟ್ಟಿದ್ದಾರೆ. ಅನುವಾದವೆಂದೇ ಅದರ ಅರ್ಥ. ಪರಭಾಷೆಯ ನಡುವೆ ಬಾಳುತ್ತಿರುವ ನಮಗೆ ಅನುವಾದದ ಕಷ್ಟ ತಿಳಿಯದುದಲ್ಲ. ಓದುಗನ ಕೈಗೆ ತಲುಪದ ಅನುವಾದವು ಹಸ್ತಪ್ರತಿಯಾಗಿಯೇ ಉಳಿಯುತ್ತದೆ.

ಇಂಗ್ಲೆಂಡಿನ ‘ಯು.ಕೆ. ಬಯೋಬ್ಯಾಂಕ್’ ಈ ಬಗೆಯ ಭಂಡಾರಗಳಿಗೆಲ್ಲ ಮಾದರಿ ಎನಿಸಿದೆ. ೨೦೦೬ರಿಂದ ೨೦೧೦ರೊಳಗೆ ೪೦ರಿಂದ ೬೯ ವಯಸ್ಸಿನ ಐದು ಲಕ್ಷ ಜನ ಅದಕ್ಕೆ ಸೇರಿದರು. ಕರೆ ಹೋದದ್ದು ತೊಂಬತ್ತೆರಡು ಲಕ್ಷ ಮಂದಿಗೆ. ಅಂದರೆ ನೂರರಲ್ಲಿ ಐದಾರು ಜನ ಬಂದರು. ಬಂದವರು ಸಾಮಾನ್ಯರಿಗಿಂತ ಆರೋಗ್ಯವಂತರು, ಅನುಕೂಲಸ್ಥರು. ಸ್ವಯಂಸೇವೆಯ ಭಂಡಾರಗಳಿಗೆ ಈ ಓಲು ತಪ್ಪಿದ್ದಲ್ಲ. ನಮ್ಮ ಮಂದಿಯ ಪಾಲು ಅಲ್ಲಿ ತೀರ ಸ್ವಲ್ಪ. ಆದಕಾರಣ ಅಲ್ಲಿ ಕಂಡ ನಿಯಮಗಳನ್ನು ತಂದು ಇಲ್ಲಿಯ ರೋಗಿಗೆ ಹಚ್ಚಲಾಗದು. ನಮ್ಮದು ನಮಗೆ ಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ೨೦೧೮ರಿಂದ ನಡೆದುಬಂದಿರುವ ಅಧ್ಯಯನವು ಈ ದೃಷ್ಟಿಯಿಂದ ಗಮನಾರ್ಹ. ನಲವತ್ತೈದು ದಾಟಿದ ಹತ್ತು ಸಾವಿರ ಗ್ರಾಮಸ್ಥರನ್ನು ದೀರ್ಘಕಾಲ ಹಿಂಬಾಲಿಸಿ, ಮುಪ್ಪಿನ ಮರೆವಿನ ರೋಗ ಹೇಗೆ ಅಂಕುರಿಸುವುದೆಂದು ತಿಳಿಯುವುದು ಅದರ ಉದ್ದೇಶ. ಕನ್ನಡವೂ ತೆಲುಗೂ ಒಂದೇ ಜಗಲಿಯ ಮೇಲೆ ಕೂರುವ ಸೀಮೆಯ ರೈತರು ಪಾಲುಗೊಂಡಿರುವ ಈ ಕೆಲಸದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಇನ್ನಷ್ಟು ಬರಬೇಕಾಗಿತ್ತು.

ಈಗ ಹೈದರಾಬಾದಿನ ವಿಷಯ. ಈ ಊರಿನ ಸಂಶೋಧನೆಯನ್ನು ಜಗತ್ತಿನ ಸಾಮಾನ್ಯ ಓದುಗರಿಗೆ ಪರಿಚಯಿಸಿದ ಗ್ರಂಥವೆಂದರೆ ಹಾರ್ವರ್ಡಿನ ಡೇವಿಡ್ ರೈಕ್ ೨೦೧೮ರಲ್ಲಿ ಪ್ರಕಟಿಸಿದ, ನಾವು ಯಾರು, ಇಲ್ಲಿಗೆ ಹೇಗೆ ಬಂದೆವು ಎಂಬ ಅರ್ಥದ ಹೆಸರುಳ್ಳ ಪುಸ್ತಕ. ಅದರ ಭಾರತದ ಅಧ್ಯಾಯವನ್ನು ಓದಿದವರಿಗೆ ೨೦೦೮ರ ಅಕ್ಟೋಬರಿನ ಪ್ರಸಂಗ ನೆನಪಿರುವುದು. ಪಶ್ಚಿಮ ಯುರೇಷಿಯದ ಜನರ ಬೆರಕೆ ಭಾರತೀಯರಲ್ಲಿ ಉಂಟೆಂಬ ಕರಡನ್ನು ಹಿಡಿದು ರೈಕರೂ ಅವರ ಸಂಗಡಿಗ ನಿಕ್ ಪ್ಯಾಟರ್ಸನ್ನರೂ ಹೈದರಾಬಾದಿಗೆ ಬಂದರು. ಲಾಲ್‌ಜಿ ಸಿಂಗ್ ಮತ್ತು ಕುಮಾರಸ್ವಾಮಿ ತಂಗರಾಜ್ ಆ ಮಾತಿಗೆ ಒಪ್ಪಲಿಲ್ಲ. ಕೊನೆಗೆ ‘ಪೂರ್ವಿಕ ಉತ್ತರ ಭಾರತೀಯರು’, ‘ಪೂರ್ವಿಕ ದಕ್ಷಿಣ ಭಾರತೀಯರು’ ಎಂಬೆರಡು ಹೊಸ ಹೆಸರುಗಳು ಹುಟ್ಟಿದವು. ೨೦೦೯ರಲ್ಲಿ ಅವು ಅಚ್ಚಾದವು. ೨೫ ಸಮುದಾಯಗಳ ೧೩೨ ಜನರ ಮಾದರಿಗಳ ಮೇಲೆ ನಿಂತ ಬರಹವದು.

ರೈಕರು ಈ ಕಥೆಯನ್ನು ಸ್ವಾರಸ್ಯವಾಗಿ ಹೇಳಿದ್ದಾರೆ. ಆದರೆ ಅವರ ನಿರೂಪಣೆಯಲ್ಲಿ ಒಂದು ಕಡೆ ಅಂಕಿಗಳೂ ಇನ್ನೊಂದು ಕಡೆ ರಾಜಕೀಯದ ಅಂಜಿಕೆಯೂ ಎದುರುಬದುರಾಗಿ ನಿಂತಂತೆ ತೋರುತ್ತದೆ. ನಮಗೆ ಇದು ಅಷ್ಟು ಸರಿಯೆನಿಸದು. ಇಂದು ಬದುಕಿರುವ ಒಂದು ಜನಾಂಗದ ಹೆಸರನ್ನು ಸಾವಿರಾರು ವರ್ಷಗಳ ಹಿಂದಿನ ಜನಾಂಗಕ್ಕೆ ಹಚ್ಚುವುದು ಶಾಸ್ತ್ರದೃಷ್ಟಿಯಿಂದಲೂ ಅವಸರದ ಕೆಲಸವೇ. ಹೊಸ ಹೆಸರುಗಳನ್ನು ಕೇಳಿದವರು ಅಂಜಿ ಮಾತ್ರ ಕೇಳಿದರೆನ್ನಬೇಕಾಗಿಲ್ಲ. ಇರಲಿ. ನಮ್ಮ ಕಣ್ಣಿಗೆ ಬೀಳುವ ಕೊರತೆ ಬೇರೆ. ಒಂದು ಶಬ್ದಕ್ಕಾಗಿ ಇಡೀ ದಿನ ವಾದ ನಡೆಯಿತು. ಆ ವಾದ ನಡೆದದ್ದು ವಿಜ್ಞಾನಿಗಳಿಗೂ ವಿಜ್ಞಾನಿಗಳಿಗೂ ನಡುವೆ. ಯಾರ ರಕ್ತದ ಹೆಸರಿನ ಬಗೆಗೆ ವಾದ ನಡೆಯಿತೋ ಅವರು ಆ ಅಧ್ಯಾಯದಲ್ಲಿ ಮಾದರಿಗಳಾಗಿ ಬರುತ್ತಾರೆ, ಮಾತಾಡುವವರಾಗಿ ಬರುವುದಿಲ್ಲ. ದಾನ ಮಾಡಿದ ಮೇಲೆ ದಾನಿಯು ವಸ್ತುವಿನ ವಿಷಯದಲ್ಲಿ ಮಾತಾಡಬಾರದಷ್ಟೆ! ಶಬ್ದದ ಬಲ ಇಲ್ಲಿಯೇ ತಿಳಿಯುತ್ತದೆ.

ಅದೇ ಬಳಗ ೨೦೧೭ರಲ್ಲಿ ಪ್ರಕಟಿಸಿದ ಲೇಖನವು ವೈದ್ಯಕೀಯಕ್ಕೆ ಹತ್ತಿರವಾದುದು. ಒಳಮದುವೆಯ ಕಟ್ಟಿನಿಂದ ನಮ್ಮ ಜಾತಿಗಳಲ್ಲಿ ಹಲವು, ಕೆಲವೇ ಪೂರ್ವಜರಿಂದ ಬಹುಕಾಲ ಬೆಳೆದುಬಂದಿವೆ. ಆ ಪೂರ್ವಜರಲ್ಲಿ ಒಬ್ಬನಿಗೆ ಇದ್ದ ದೋಷವು ಇಂದು ಲಕ್ಷಾಂತರ ಜನರಲ್ಲಿ ಹರಡಿರುವ ಸಂಭವವುಂಟು. ಅಳೆದು ನೋಡಿದ ೨೬೩ ಸಮುದಾಯಗಳಲ್ಲಿ ೮೧ರಲ್ಲಿ ಈ ಇಕ್ಕಟ್ಟು ಫಿನ್ಲೆಂಡಿನವರಿಗಿಂತಲೂ ಅಶ್ಕೆನಾಜಿ ಯಹೂದ್ಯರಿಗಿಂತಲೂ ತೀಕ್ಷ್ಣವಾಗಿದೆ. ಆ ೮೧ರಲ್ಲಿ ೧೪ ಸಮುದಾಯಗಳು ಹತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯವು. ಸೋದರಮಾವನಿಗೂ ಸೋದರತ್ತೆಯ ಮಗನಿಗೂ ಹೆಣ್ಣು ಕೊಡುವ ನಮ್ಮ ದಕ್ಷಿಣದ ರೂಢಿಯ ಮಾತಲ್ಲ ಇದು. ರಕ್ತಸಂಬಂಧವಿಲ್ಲವೆಂದು ತಿಳಿದು ಮದುವೆಯಾದ ಸ್ವಜಾತಿಯ ವಧೂವರರಿಗೂ ಅನ್ವಯಿಸುವ ಮಾತು.

ಆ ಲೇಖನದ ಮುಖ್ಯ ನಿದರ್ಶನ ವೈಶ್ಯರದು. ಆಂಧ್ರ, ತೆಲಂಗಾಣಗಳಲ್ಲಿ ಮಾತ್ರವಲ್ಲ, ಬಳ್ಳಾರಿ, ರಾಯಚೂರು, ಕೋಲಾರಗಳಲ್ಲಿಯೂ ಆರ್ಯವೈಶ್ಯರ ಅಂಗಡಿಯಿಲ್ಲದ ಪೇಟೆಯುಂಟೆ? ಅವರಲ್ಲಿ ಕೆಲವರಿಗೆ ರಕ್ತದ ಒಂದು ಕಿಣ್ವ, ಬ್ಯುಟೈರಿಲ್‌ಕೋಲಿನೆಸ್ಟರೇಸ್ ಎಂಬುದು, ಹುಟ್ಟಿನಿಂದಲೇ ಇಲ್ಲ. ನಿತ್ಯಜೀವನಕ್ಕೆ ಅದರಿಂದ ಬಾಧಕವಿಲ್ಲ. ಆದರೆ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನಿಲ್‌ಕೋಲಿನ್ ಎಂಬ ಮದ್ದನ್ನು ಒಡೆಯುವುದು ಆ ಕಿಣ್ವವೇ. ಅದಿಲ್ಲದವರಿಗೆ ಕೆಲವು ನಿಮಿಷಗಳಲ್ಲಿ ಇಳಿಯಬೇಕಾದ ಮದ್ದು ಗಂಟೆಗಟ್ಟಲೆ ಇಳಿಯುವುದಿಲ್ಲ. ಉಸಿರಾಟದ ಸ್ನಾಯುಗಳೂ ಕೈಬಿಡುತ್ತವೆ. ಬೇರೆಯವರಿಗಿಂತ ಇವರಲ್ಲಿ ಈ ಕೊರತೆ ನೂರು ಪಟ್ಟು ಹೆಚ್ಚೆಂದು ಲೆಕ್ಕ. ಕಾರಣವಾದ ಜೀನಿನ ವಿಕಾರವನ್ನು ೨೦೦೬ರಲ್ಲಿ ಗುರುತಿಸಲಾಯಿತು.

ನಿದರ್ಶನ ಸಮಂಜಸವಾದುದು, ಆದರೆ ಅದು ಸಾಧಿಸುವುದೇನೆಂಬುದನ್ನು ಸ್ವಲ್ಪ ನಿಧಾನಿಸಿ ನೋಡಬೇಕು. ವೈಶ್ಯರ ಈ ಲಕ್ಷಣವನ್ನು ಮೊದಲು ಕಂಡವರು ಜೀನೋಮಿನ ಅಕ್ಷರ ಎಣಿಸಿದವರಲ್ಲ. ಶಸ್ತ್ರಚಿಕಿತ್ಸೆಯ ಮಂಚದ ಪಕ್ಕದಲ್ಲಿ ನಿಂತು, ಏಳಬೇಕಾದ ರೋಗಿ ಏಳಲಿಲ್ಲವೇಕೆಂದು ಗಾಬರಿಗೊಂಡ ವೈದ್ಯರು. ಗ್ರಂಥಕಾರರು ಇದನ್ನು ಮುಚ್ಚಿಟ್ಟಿಲ್ಲ. ಹಾಗಿದ್ದೂ ಜೀನೋಮಿನ ಭರವಸೆಗೆ ಈ ಉದಾಹರಣೆಯನ್ನೇ ತಂದಿರುವುದರಿಂದ, ಮಂಚದಿಂದ ಪ್ರಯೋಗಶಾಲೆಗೆ ಹೋದ ಅರಿವು ಪ್ರಯೋಗಶಾಲೆಯಿಂದ ಮಂಚಕ್ಕೆ ಬಂದಂತೆ ಕಾಣಿಸುತ್ತದೆ. ಅಲ್ಲದೆ ಈ ಕೊರತೆಯನ್ನು ಅರಿಯುವುದಕ್ಕೆ ಕೋಟಿ ಬೆಲೆಯ ಯಂತ್ರ ಬೇಕಿಲ್ಲ. ರಕ್ತದ ಒಂದು ಸಾಮಾನ್ಯ ಪರೀಕ್ಷೆ ಸಾಕು. ಆ ಪರೀಕ್ಷೆ ತಾಲ್ಲೂಕಿನ ಆಸ್ಪತ್ರೆಗೆ ತಲುಪುವುದೇ ಇಲ್ಲಿ ಅನುವಾದ.

ಎದುರು ಬದಿಯನ್ನೂ ಹೇಳಬೇಕು. ಹಬ್ಸಿಗುಡದಲ್ಲಿಯೇ ತಂಗರಾಜರೂ ಅವರ ಸಹೋದ್ಯೋಗಿಗಳೂ ಕೂಡಿ ೨೦೦೯ರಲ್ಲಿ ತೋರಿಸಿಕೊಟ್ಟ ಸಂಗತಿಯನ್ನು ಯಾವ ವೈದ್ಯನೂ ಮಂಚದ ಪಕ್ಕದಲ್ಲಿ ನಿಂತು ಕಾಣುವಂತಿರಲಿಲ್ಲ. ಹೃದಯದ ಸ್ನಾಯುವಿಗೆ ಬೇಕಾದ ಒಂದು ಪ್ರೋಟೀನಿನ ಜೀನಿನಲ್ಲಿ ಇಪ್ಪತ್ತೈದು ಅಕ್ಷರಗಳು ಬಿಟ್ಟುಹೋಗಿರುವ ಭೇದವು ದಕ್ಷಿಣ ಏಷ್ಯದವರಲ್ಲಿ ನೂರಕ್ಕೆ ನಾಲ್ವರಲ್ಲಿ ಇದೆ. ವಯಸ್ಸು ಏರಿದಂತೆ ಅವರಿಗೆ ಹೃದಯಸ್ನಾಯುವಿನ ರೋಗದ ಅಪಾಯ ಹೆಚ್ಚು. ಬಹುಜನರ ರಕ್ತ ಒಟ್ಟಿಗೆ ಸಿಕ್ಕಿದುದರಿಂದ ಮಾತ್ರ ಇದು ತಿಳಿಯಿತು. ಮುಂದೆ ೨೦೧೮ರಲ್ಲಿ ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯದವರನ್ನು ಪರೀಕ್ಷಿಸಿದಾಗ, ಆ ಭೇದವುಳ್ಳ ಎಲ್ಲರಲ್ಲಿಯೂ ಅಲ್ಲ, ಜೊತೆಗೆ ಇನ್ನೊಂದು ಭೇದವನ್ನೂ ಹೊತ್ತಿರುವ ಒಂದು ಸಣ್ಣ ಭಾಗದಲ್ಲಿಯೇ ಹೃದಯದ ವ್ಯತ್ಯಾಸ ಎದ್ದು ಕಾಣುವುದೆಂದು ವರದಿಯಾಯಿತು. ೨೦೦೯ರಲ್ಲಿಯೇ ನೂರಕ್ಕೆ ನಾಲ್ವರ ಬಾಗಿಲು ತಟ್ಟಿ ನಿಮ್ಮ ಹೃದಯ ಕೆಟ್ಟಿದೆಯೆಂದು ಹೇಳಿಬಂದಿದ್ದರೆ, ಒಂಬತ್ತು ವರ್ಷದ ಮೇಲೆ ಮರಳಿ ಹೋಗಿ ಬಹುಮಂದಿಗೆ ಬೇರೆ ಮಾತು ಹೇಳಬೇಕಾಗುತ್ತಿತ್ತು. ಕೊಟ್ಟವನಿಗೆ ಫಲವನ್ನು ತಿಳಿಸಬೇಕೆಂಬ ಬೇಡಿಕೆ ನ್ಯಾಯವಾದುದಾದರೂ ಸುಲಭವಾದುದಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಇಷ್ಟಾದ ಮೇಲೆ ನಮ್ಮ ನಾಡಿನ ಒಂದು ಊರಿನ ವೃತ್ತಾಂತಕ್ಕೆ ಬರುತ್ತೇವೆ. ಈ ಲೇಖನವನ್ನು ಬರೆಯುವಂತೆ ಮಾಡಿದ್ದು ನಿಜಕ್ಕೂ ಅದು.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ ೧೯೭೪-೭೫ರ ಸುಮಾರಿಗೆ ಒಂದು ವಿಚಿತ್ರ ವ್ಯಾಧಿ ಗೋಚರಕ್ಕೆ ಬಂದಿತು. ಸೊಂಟದ ಕೀಲು ಮೊದಲು ನೋಯುವುದು. ಬರಬರುತ್ತ ಕೀಲು ಸವೆದು ನಡಿಗೆ ಕುಂಟಾಗುವುದು. ಕೆಲವರು ಕುಕ್ಕುರುಗಾಲಿನಲ್ಲಿ ತೆವಳುವ ಸ್ಥಿತಿಗೆ ಬರುವರು. ಕೆಲವು ಮನೆಗಳಲ್ಲಿ ಮಕ್ಕಳು ಬೆಳೆಯದೆ ಗಿಡ್ಡರಾಗಿಯೇ ಉಳಿದರು. ರೋಗ ಕಂಡದ್ದು ಛಲವಾದಿ ಮತ್ತು ಚನ್ನಂಗಿ ಎಂಬೆರಡು ಸಮುದಾಯಗಳಲ್ಲಿ. ಪರರ ಗದ್ದೆಯಲ್ಲಿ ದುಡಿದು ಉಣ್ಣುವ ಬಡವರು ಅವರು. ಕಾರಣ ಹುಡುಕಲು ಹೊರಟವರು ಹೈದರಾಬಾದಿನ ತಾರ್ನಾಕದಲ್ಲಿರುವ ರಾಷ್ಟ್ರೀಯ ಪೋಷಣ ಸಂಸ್ಥೆಯವರು. ೧೯೧೮ರಲ್ಲಿ ಕೂನೂರಿನಲ್ಲಿ ಹುಟ್ಟಿ ೧೯೫೮ರಲ್ಲಿ ಈ ಊರಿಗೆ ಬಂದ ಸಂಸ್ಥೆಯದು, ಸಿ.ಸಿ.ಎಂ.ಬಿ.ಯಿಂದ ಹರದಾರಿಯಷ್ಟೂ ದೂರವಿಲ್ಲ. ಅಲ್ಲಿನ ಭಟ್ ಮತ್ತು ಕೃಷ್ಣಮಾಚಾರಿ ಎಂಬ ಸಂಶೋಧಕರು ೧೯೭೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ವ್ಯಾಧಿಗೆ ಮಲೆನಾಡಿನ ಕೌಟುಂಬಿಕ ಸಂಧಿವಾತವೆಂಬ ಅರ್ಥದ ಹೆಸರನ್ನು ಕೊಟ್ಟರು.

ಕೌಟುಂಬಿಕ ಎಂಬ ಮಾತು ಹೆಸರಿನಲ್ಲಿಯೇ ಇದ್ದರೂ, ಅಂದು ಬಹುಜನರ ಬಾಯಲ್ಲಿ ಸುಳಿದಾಡಿದ ಊಹೆ ಬೇರೆ. ಹೊಸ ತಳಿಯ ಬತ್ತ ಬಂದಿತ್ತು. ಅದರ ಬೆನ್ನಿಗೆ ಕೀಟನಾಶಕ ಬಂದಿತ್ತು. ವಿಷ ಸಿಂಪಡಿಸಿದ ಗದ್ದೆಯ ಏಡಿಯನ್ನು ಹಿಡಿದು ತಿನ್ನುವವರು ಈ ಕೂಲಿಯವರೇ. ಏಡಿಯಿಂದ ರೋಗ ಬಂದಿರಬೇಕು! ಈ ಊಹೆಯನ್ನು ಮೂಢತನವೆಂದು ತಳ್ಳಿಹಾಕುವುದು ಇಂದು ಸುಲಭ. ಆದರೆ ಊರಿನಲ್ಲಿ ಕೆಲವರಿಗೆ ಮಾತ್ರ ಬರುವ ರೋಗಕ್ಕೆ, ಆ ಕೆಲವರು ಮಾತ್ರ ತಿನ್ನುವ ಆಹಾರವನ್ನು ಶಂಕಿಸುವುದು ತರ್ಕಸಮ್ಮತವಾದುದೇ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಆಶ್ರಯದಲ್ಲಿ ಮುಂದೆ ಮನೆಮನೆಯ ವಂಶವೃಕ್ಷ ಬರೆದು, ಎಲುಬುಗಳ ವಿಕಿರಣಚಿತ್ರಗಳನ್ನು ತೆಗೆದು ನೋಡಿದಾಗ ಸಂಗತಿ ಇತ್ಯರ್ಥವಾಯಿತು. ೧೯೯೪ರಲ್ಲಿ ಹೊರಬಂದ ವಿಕಿರಣಚಿತ್ರಗಳ ಅಧ್ಯಯನವು ಇದನ್ನು ಬೆನ್ನೆಲುಬು ಮತ್ತು ಕೀಲುಗಳ ಬೆಳವಣಿಗೆಯ ಹೊಸದೊಂದು ಆನುವಂಶಿಕ ವಿಕಾರವೆಂದು ನಿರ್ಧರಿಸಿತು. ವೈಶ್ಯರ ದೋಷದಂತೆ ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಾತ್ರ ತಲೆಯೆತ್ತುವಂಥದಲ್ಲ ಇದು, ಪ್ರಬಲ ರೀತಿಯದು. ಒಬ್ಬರಲ್ಲಿದ್ದರೆ ಸಾಕು, ಪ್ರತಿಯೊಂದು ಮಗುವಿಗೂ ಅರ್ಧಕ್ಕರ್ಧ ಸಂಭವ.

ಶಾಸ್ತ್ರದ ಮಟ್ಟಿಗೆ ಇದು ಜಯವೇ ಸರಿ. ತಪ್ಪು ಊಹೆ ಹೋಗಿ ಸರಿಯಾದ ನಿರ್ಣಯ ಬಂದಿತು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಹಂದಿಗೋಡು ಎಂಬ ಕನ್ನಡದ ಹೆಸರು ಸೇರಿತು. ಆದರೆ ಊರಿನವರ ಕಡೆಯಿಂದ ನೋಡಿದರೆ? ಮೂಲರೋಗವನ್ನು ತಡೆಯುವ ಔಷಧವಿಲ್ಲ. ಸಿಗುವುದು ನೋವಿನ ಗುಳಿಗೆ. ಅನುಕೂಲ ಒದಗಿದರೆ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆ. ಏಡಿಯೇ ಕಾರಣವಾಗಿದ್ದರೆ ಏಡಿಯನ್ನು ಬಿಡಬಹುದಾಗಿತ್ತು. ವಂಶವೇ ಕಾರಣವೆಂದಾಗ ಬಿಡತಕ್ಕದ್ದು ಯಾವುದನ್ನು? ಹೊಸ ಅರಿವಿನಿಂದ ಅವರಿಗೆ ಮೊದಲು ದಕ್ಕಿದ್ದು ಮದುವೆಯ ಸಂತೆಯಲ್ಲಿ ಒಂದು ಕಳಂಕ. ಅರ್ಧ ಶತಮಾನದಲ್ಲಿ ಬಂದುಹೋದ ತಂಡಗಳಿಗೆಲ್ಲ ಅವರು ತಮ್ಮ ಮೈಯನ್ನು ತೋರಿಸಿದ್ದಾರೆ, ಅಜ್ಜಮುತ್ತಜ್ಜಂದಿರ ಹೆಸರು ಹೇಳಿದ್ದಾರೆ, ಕುಂಟುತ್ತ ಬಂದು ಚಿತ್ರ ತೆಗೆಸಿಕೊಂಡಿದ್ದಾರೆ. ಇದನ್ನು ದಾನವೆಂದು ಕರೆದರೆ, ದಾನಿ ಯಾರು, ಪ್ರತಿಗ್ರಹಿ ಯಾರು ಎಂದು ನೋಡಿದಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ತುತ್ತಿಗಿಲ್ಲದವನು ದಾನ ಕೊಡುತ್ತಾನೆ, ಪದವಿಯುಳ್ಳವನು ಕೈಯೊಡ್ಡುತ್ತಾನೆ, ದಾನದ ಫಲ ಮಾತ್ರ ಲೇಖನವಾಗಿ ಪ್ರತಿಗ್ರಹಿಯ ಹೆಸರಿನಲ್ಲಿ ಉಳಿಯುತ್ತದೆ.

ಉತ್ತರ ಕನ್ನಡದ ಸಿದ್ಧಿಯರದೂ ಇದಕ್ಕೆ ದೂರದ ಕಥೆಯಲ್ಲ. ೨೦೧೧ರಲ್ಲಿ ಹೈದರಾಬಾದಿನ ಸಂಶೋಧಕರು ಅವರ ಮೂಲ ಆಫ್ರಿಕದ ಬಾಂಟು ಜನರಲ್ಲಿ ಇದೆಯೆಂದು ಸ್ಥಾಪಿಸಿದರು. ಇತಿಹಾಸಕ್ಕೆ ಲಾಭವಾಯಿತು. ತಾವು ಎಲ್ಲಿಂದ ಬಂದವರೆಂಬುದು ಸಿದ್ಧಿಯರಿಗೆ ಸ್ಥೂಲವಾಗಿ ಮೊದಲೇ ತಿಳಿದಿತ್ತೆಂಬುದನ್ನೂ ಹೇಳಿಬಿಡುವುದು ಒಳ್ಳೆಯದು.

ಈಗ ಶಬ್ದಕ್ಕೆ ಮರಳೋಣ. ದಾನವೆಂದರೆ ಏನು? ತನ್ನ ಒಡೆತನವನ್ನು ನೀಗಿಕೊಂಡು ಇನ್ನೊಬ್ಬನ ಒಡೆತನವನ್ನು ಉಂಟುಮಾಡುವುದೆಂದು ಧರ್ಮಶಾಸ್ತ್ರಕಾರರ ಲಕ್ಷಣ. ಕೊಟ್ಟ ಮೇಲೆ ಕೇಳುವಂತಿಲ್ಲ. ಹಾಗೆ ಕೇಳುವಂತಿರುವ ಕೊಡುಗೆಗಳಿಗೆ ಬೇರೆ ಹೆಸರುಗಳಿವೆ. ಅವುಗಳನ್ನು ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯವು ಒಂದೆಡೆ ಕೂಡಿಸಿ ಹೇಳುತ್ತದೆ. ಪೆಟ್ಟಿಗೆಯೊಳಗಿಟ್ಟು, ಒಳಗೇನಿದೆಯೆಂದು ಹೇಳದೆ ಒಪ್ಪಿಸಿದ ವಸ್ತು ಉಪನಿಧಿ. ಅದನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕು. ಇಟ್ಟುಕೊಂಡವನು ತನ್ನಿಚ್ಛೆಯಂತೆ ಬಳಸಿ ಬದುಕಿದರೆ ದಂಡ ತೆರಬೇಕು, ಬಡ್ಡಿಯನ್ನೂ ಕೊಡಬೇಕು. ಇದೇ ನಿಯಮ ನಿಕ್ಷೇಪ, ನ್ಯಾಸ, ಯಾಚಿತ ಮುಂತಾದುವುಗಳಿಗೂ ಸಲ್ಲುವುದು. ಈ ಸ್ಮೃತಿಗೆ ಮಿತಾಕ್ಷರವೆಂಬ ಜಗತ್ಪ್ರಸಿದ್ಧ ವ್ಯಾಖ್ಯೆಯನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು. ೧೯೫೬ರವರೆಗೆ ಹೈದರಾಬಾದ್ ಸಂಸ್ಥಾನದ ಬೀದರ ಜಿಲ್ಲೆಯಲ್ಲಿದ್ದ, ಇಂದು ಬಸವಕಲ್ಯಾಣವೆಂದು ಕರೆಯುವ ಊರು ಅದು. ನೆರೆಯವನ ಮಾತನ್ನು ಈ ಸಂದರ್ಭದಲ್ಲಿ ಕೇಳುವುದರಲ್ಲಿ ಅನುಚಿತವೇನಿಲ್ಲ.

ರಕ್ತದ ಮಾದರಿ ಉಪನಿಧಿಯನ್ನು ಬಹುಮಟ್ಟಿಗೆ ಹೋಲುತ್ತದೆ. ಮುಚ್ಚಿದ ಪೆಟ್ಟಿಗೆ ಅದು. ಒಳಗಿರುವುದು ಏನೆಂದು ಪಡೆದವನಿಗೆ ತಿಳಿಯದು, ವಿಚಿತ್ರವೆಂದರೆ ಕೊಟ್ಟವನಿಗೂ ತಿಳಿಯದು. ಆದರೆ ಉಪನಿಧಿಯನ್ನು ತೆರೆಯಬಾರದು, ತೆರೆಯದೆ ಸಂಶೋಧನೆಯಿಲ್ಲ. ಆದಕಾರಣ ಅದಕ್ಕಿಂತ ಯಾಚಿತವೆಂಬ ಹೆಸರೇ ಹೊಂದುತ್ತದೆ. ಮದುವೆ ಮುಂತಾದ ಉತ್ಸವಗಳಿಗೆಂದು ಬೇಡಿ ತಂದ ಸೀರೆ, ಒಡವೆಗಳು ಯಾಚಿತವೆಂದು ವಿಜ್ಞಾನೇಶ್ವರನ ವಿವರಣೆ. ನಮ್ಮ ಮನೆಗಳ ಕನ್ನಡದಲ್ಲಿ ಇದಕ್ಕೆ ಎರವಲು ಎನ್ನುತ್ತೇವೆ. ಒಂದು ಮದುವೆಗೆ ಎರವಲು ತಂದ ಅಡ್ಡಿಕೆಯನ್ನು ಆ ಮದುವೆಯಲ್ಲಿ ಧರಿಸಬಹುದು. ಅಡವಿಡುವಂತಿಲ್ಲ, ಕರಗಿಸುವಂತಿಲ್ಲ, ನೆಂಟರಿಗೆ ಮತ್ತೆ ಎರವಲು ಕೊಡುವಂತಿಲ್ಲ. ಇಂದಿನ ಭಂಡಾರಗಳು ಬಯಸುವ ‘ವಿಶಾಲ ಸಮ್ಮತಿ’ಯು, ಇನ್ನು ಮುಂದೆ ನಡೆಯಲಿರುವ ಎಲ್ಲ ಮದುವೆಗಳಿಗೂ ಸೇರಿಸಿ ಒಂದೇ ಸಲ ಒಡವೆ ಕೇಳಿದಂತೆ. ಕೇಳಬಾರದೆಂದಲ್ಲ. ಹಾಗೆ ಕೇಳುತ್ತಿದ್ದೇವೆಂದು ಒಪ್ಪಿಕೊಂಡು ಕೇಳಬೇಕು.

ಎರವಲಿನ ಮೇರೆ ಮೀರಿದರೆ ಆಗುವುದೇನೆಂದು ಅಮೆರಿಕದ ಆರಿಜೋನದ ಹವಸುಪಾಯಿ ಬುಡಕಟ್ಟಿನ ವ್ಯಾಜ್ಯದಿಂದ ತಿಳಿಯುತ್ತದೆ. ಸಿಹಿಮೂತ್ರದ ಸಂಶೋಧನೆಗೆಂದು ೧೯೯೦ರ ಬಳಿಕ ಅವರಿಂದ ರಕ್ತ ಪಡೆದ ವಿಶ್ವವಿದ್ಯಾಲಯದಲ್ಲಿ, ಅದೇ ರಕ್ತದಿಂದ ಮಾನಸಿಕ ರೋಗ, ವಲಸೆಯ ಇತಿಹಾಸ ಮುಂತಾದ ಅಧ್ಯಯನಗಳೂ ನಡೆದವು. ೨೦೧೦ರಲ್ಲಿ ರಾಜಿಯಾಗಿ, ಏಳು ಲಕ್ಷ ಡಾಲರು ಹಣವನ್ನೂ ಉಳಿದ ರಕ್ತವನ್ನೂ ಬುಡಕಟ್ಟಿನವರಿಗೆ ಮರಳಿಸಬೇಕಾಯಿತು.

ವಿಜ್ಞಾನೇಶ್ವರನ ಹೆಸರು ನ್ಯಾಯಾಲಯಗಳಲ್ಲಿ ಇಂದಿಗೂ ಕೇಳಿಬರುವುದು ಬೇರೊಂದು ಸಿದ್ಧಾಂತಕ್ಕಾಗಿ: ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತಂದೆಯೊಬ್ಬನೇ ಅದನ್ನು ಮನಬಂದಂತೆ ಪರಾಧೀನ ಮಾಡಲಾರ. ಜೀನೋಮಿಗಿಂತ ಪಿತ್ರಾರ್ಜಿತವಾದುದು ಬೇರೆ ಯಾವುದಿದೆ? ಒಬ್ಬನು ತನ್ನದನ್ನು ಕೊಟ್ಟರೆ ಒಡಹುಟ್ಟಿದವರ, ಮಕ್ಕಳ ಗುಟ್ಟೂ ಅರ್ಧದಷ್ಟು ಹೊರಬಿದ್ದಂತೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳು ಸಮಪಾಲಿಗೆ ೨೦೦೫ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಈ ಆಸ್ತಿಯಲ್ಲಿ ಮಾತ್ರ ಪ್ರಕೃತಿ ಅವರಿಗೆ ಮೊದಲಿನಿಂದಲೂ ಸಮಪಾಲು ಕೊಟ್ಟಿದೆ. ಒಬ್ಬನ ಸಹಿ ಇಡೀ ಮನೆತನದ ಒಪ್ಪಿಗೆಯಾದೀತೆ ಎಂಬ ತೊಡಕನ್ನು ಇಂದಿನ ಸಮ್ಮತಿಪತ್ರಗಳು ಬಿಡಿಸಿಲ್ಲ. ಪ್ರತಿಯೊಬ್ಬ ದಾಯಾದಿಯ ಸಹಿಯೂ ಬೇಕೆಂದರೆ ಯಾವ ಸಂಶೋಧನೆಯೂ ನಡೆಯದು. ಅಷ್ಟರಮಟ್ಟಿಗೆ ಹೋಲಿಕೆಯನ್ನು ಎಳೆಯುವುದು ನಮ್ಮ ಉದ್ದೇಶವಲ್ಲ.

ಮದುವೆಯ ಮಾತು ಬಂದುದರಿಂದ ರೈಕರ ಇನ್ನೊಂದು ಸೂಚನೆಯನ್ನೂ ಪರಿಶೀಲಿಸಬೇಕು. ೧೯೮೩ರಲ್ಲಿ ರಬ್ಬಿ ಜೋಸೆಫ್ ಎಕ್‌ಸ್ಟೈನ್ ಸ್ಥಾಪಿಸಿದ ‘ದೋರ್ ಯೆಶೋರಿಮ್’ ಸಂಸ್ಥೆಯು ಯಹೂದ್ಯ ತರುಣ ತರುಣಿಯರ ರಕ್ತವನ್ನು ಪರೀಕ್ಷಿಸಿ ಅವರಿಗೆ ಒಂದು ಸಂಖ್ಯೆಯನ್ನು ಮಾತ್ರ ಕೊಡುತ್ತದೆ. ಸಂಬಂಧ ಬೆಳೆಸುವ ಮುಂಚೆ ಎರಡು ಸಂಖ್ಯೆಗಳನ್ನು ಹೇಳಿದರೆ, ಈ ಜೋಡಿ ಕೂಡುವುದೋ ಇಲ್ಲವೋ ಎಂದಷ್ಟೇ ಉತ್ತರ. ಮಕ್ಕಳನ್ನು ಎಳೆತನದಲ್ಲಿಯೇ ಕೊಲ್ಲುವ ಟೇ-ಸ್ಯಾಕ್ಸ್ ರೋಗ ಇದರಿಂದ ಆ ಜನರಲ್ಲಿ ಬಹಳ ಅಪರೂಪವಾಯಿತು. ಹಿರಿಯರು ಕೂಡಿಸುವ ಮದುವೆಗಳೇ ಹೆಚ್ಚಾಗಿರುವ ಭಾರತಕ್ಕೂ ಇದು ಒಗ್ಗೀತೆಂದು ರೈಕರ ಎಣಿಕೆ. ಗೋತ್ರ, ನಕ್ಷತ್ರ, ಕೂಟಗಳನ್ನು ಕೂಡಿಸಿ ನೋಡುವವರಿಗೆ ಇನ್ನೊಂದು ಕೂಟ ಭಾರವಾಗದೆಂಬುದು ದಿಟ. ಆದರೆ ಆ ಸಂಸ್ಥೆಯ ಜಾಣತನವೆಲ್ಲ ಯಾರಲ್ಲಿ ದೋಷವಿದೆಯೆಂಬುದನ್ನು ಯಾರಿಗೂ ಹೇಳದಿರುವುದರಲ್ಲಿದೆ. ಒಂದು ಸಂಬಂಧ ಮುರಿದರೆ ಊರೆಲ್ಲ ಹೆಣ್ಣಿನ ಕಡೆಗೇ ಬೆರಳು ತೋರಿಸುವ ಸಮಾಜದಲ್ಲಿ ಆ ಗುಟ್ಟು ಎಷ್ಟು ದಿನ ಉಳಿದೀತು? ಅಲ್ಲದೆ ಹಂದಿಗೋಡಿನ ಪ್ರಬಲ ರೋಗಕ್ಕೆ ಈ ಉಪಾಯ ಒದಗುವುದೂ ಇಲ್ಲ. ಅಲ್ಲಿ ಎರಡು ಸಂಖ್ಯೆ ಕೂಡಿಸುವ ಪ್ರಶ್ನೆಯೇ ಇಲ್ಲ, ಒಂದೇ ಸಾಕು.

ದಾನಿ ಎಂಬ ಶಬ್ದವನ್ನು ಬಿಡಬೇಕೆನ್ನುವುದು ನಮ್ಮ ಹೊಸ ಹಟವೆಂದು ಯಾರಾದರೂ ಬಗೆದರೆ, ಅವರು ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ ೨೦೧೭ರಲ್ಲಿ ಹೊರಡಿಸಿದ ನೈತಿಕ ಮಾರ್ಗಸೂಚಿಯನ್ನು ನೋಡಬೇಕು. ಮಾದರಿಯ ಒಡೆಯನು ಅದನ್ನು ಕೊಟ್ಟ ವ್ಯಕ್ತಿಯೇ, ಭಂಡಾರವು ಅದರ ಪಾಲಕ ಅಥವಾ ನ್ಯಾಸಧಾರಿ ಮಾತ್ರ ಎಂದು ಅದು ವಿಧಿಸಿದೆ. ಒಡೆತನ ಹೋಗದಿದ್ದರೆ ಅದು ದಾನವಲ್ಲ. ಯಾಜ್ಞವಲ್ಕ್ಯನೂ ಮಂಡಳಿಯೂ ಇಲ್ಲಿ ಏಕಾಭಿಪ್ರಾಯದವರು. ಹೀಗಿರುವಲ್ಲಿ ವಿಧಿಯು ನ್ಯಾಸವೆನ್ನುವುದೂ ವ್ಯವಹಾರದ ಮಾತು ದಾನವೆನ್ನುವುದೂ ಒಂದೇ ಪುಟದಲ್ಲಿ ಹೇಗೆ ಸೇರಿಕೊಂಡವೆಂಬುದು ಆಶ್ಚರ್ಯ. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯಾದರೋ, ವ್ಯಕ್ತಿಯೊಬ್ಬನ ವಿಷಯದಲ್ಲಿ ನಿರ್ಧಾರ ಕೈಗೊಳ್ಳದ ಸಂಶೋಧನೆಗೆ, ಗೊತ್ತುಪಡಿಸಿದ ಮಟ್ಟವನ್ನು ಪಾಲಿಸಿದರೆ, ವಿನಾಯಿತಿಯನ್ನೇ ಕೊಟ್ಟಿದೆ. ಒಬ್ಬನಿಗೆ ನಿರ್ಧಾರದಿಂದ ಆಗುವ ತೊಂದರೆಯನ್ನು ಕಾಯಿದೆ ಕಂಡಿದೆ. ಒಂದು ಜಾತಿಗೆ ಹೆಸರಿನಿಂದ ಆಗುವ ತೊಂದರೆಯನ್ನು ಕಾಣಲಿಲ್ಲ.

ಕನ್ನಡದಲ್ಲಿ ಸಮ್ಮತಿಪತ್ರಗಳನ್ನು ಬರೆಯುವವರು, ಅದರಲ್ಲಿಯೂ ಇಂಗ್ಲಿಷಿನಿಂದ ಅನುವಾದಿಸುವವರು, ‘ರಕ್ತವನ್ನು ದಾನ ಮಾಡಲು ಒಪ್ಪಿದ್ದೇನೆ’ ಎಂಬ ವಾಕ್ಯಕ್ಕೆ ಬದಲಾಗಿ ‘ಇಂಥ ಕೆಲಸಕ್ಕೆ ರಕ್ತವನ್ನು ಎರವಲಾಗಿ ಕೊಟ್ಟಿದ್ದೇನೆ’ ಎಂದು ಬರೆಯಬಹುದು. ಓದು ಬಾರದ ಮುದುಕಿಗೂ ಎರವಲು ಎಂದರೆ ತಿಳಿಯುತ್ತದೆ: ಕೇಳುವ ಹಕ್ಕು ಉಳಿದಿದೆಯೆಂದು ತಿಳಿಯುತ್ತದೆ. ಯಾವ ಕೆಲಸಕ್ಕೆ ಎಂಬ ಪ್ರಶ್ನೆ ಆಕೆಯ ಬಾಯಿಂದ ತಾನಾಗಿಯೇ ಹೊರಡುತ್ತದೆ. ಎರವಲು ಹಿಂದಕ್ಕೆ ಬೇಕೆಂದರೆ ಏನು ಸಿಕ್ಕೀತೆಂಬುದನ್ನೂ ಆಗಲೇ ಹೇಳಬೇಕು. ಯು.ಕೆ. ಬಯೋಬ್ಯಾಂಕಿನಲ್ಲಿ ಹಿಂದೆ ಸರಿಯುವುದಕ್ಕೆ ಮೂರು ಮೆಟ್ಟಿಲುಗಳಿವೆ: ಇನ್ನು ಸಂಪರ್ಕಿಸಬೇಡಿ, ಇನ್ನು ಹೊಸ ವಿವರ ಪಡೆಯಬೇಡಿ, ಇನ್ನು ಬಳಸಲೇಬೇಡಿ. ಮೂರನೆಯದನ್ನು ಆರಿಸಿದವರ ಮಾದರಿಯನ್ನು ನಾಶಮಾಡುತ್ತಾರೆ. ಅದಕ್ಕೆ ಮೊದಲು ಸಂಶೋಧಕರ ಕೈಸೇರಿ ಲೆಕ್ಕದಲ್ಲಿ ಬೆರೆತುಹೋದ ಅಕ್ಷರಗಳನ್ನು ಮಾತ್ರ ಹಿಂದಕ್ಕೆ ತೆಗೆಯಲಾಗುವುದಿಲ್ಲ.